ದೋಣಿ ಮಾಡಿಸುವವರು ಬಣ್ಣಕ್ಕಿಂತ ಮೊದಲು ತೂಕ ಕೇಳಲಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಜನ ನಮ್ಮ ಮನೆಗೆ ಬಂದು ನನ್ನ ದೋಣಿ ನೋಡಿಕೊಂಡು ಹೋದರು. ಒಬ್ಬರು ಸಕಲೇಶಪುರದ ಕಡೆ ಹೋಂಸ್ಟೇ ನಡೆಸುವವರು. ಇನ್ನಿಬ್ಬರು ಹೇಮಾವತಿ ಹಿನ್ನೀರಿನ ಪಕ್ಕದಲ್ಲೇ ತೋಟ ಇರುವವರು. ಮೂವರಿಗೂ ಇಂಥದ್ದೇ ಒಂದು ದೋಣಿ ಬೇಕಂತೆ. ಎಷ್ಟು ಸೀಟು ಹಾಕಿಸಬಹುದು, ಯಾವ ಬಣ್ಣ ಚೆನ್ನಾಗಿರುತ್ತದೆ, ಮೇಲೆ ಹತ್ತಿ ಕೂರುವ ಹಾಗೆ ಚಾವಣಿ ಮಾಡಿಸಿದರೆ ಹೇಗೆ, ಸ್ಪೀಕರ್ ಎಲ್ಲಿ ಕೂರಿಸೋದು ಎಂದೆಲ್ಲ ಕೇಳಿದರು. ಎಷ್ಟು ಭಾರ ತಡೆಯುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಎರಡು ವರ್ಷದ ಹಿಂದೆ ನಾನೂ ಕೇಳಿರಲಿಲ್ಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಿ.

ನಮ್ಮದು ಹೇಮಾವತಿ ನದಿಯ ಗೊರೂರು ಅಣೆಕಟ್ಟೆಗೆ ಊರು ಬಿಟ್ಟುಕೊಟ್ಟ ಮನೆತನ. 1979ರಲ್ಲಿ ಕಟ್ಟೆ ಕೆಲಸ ಮುಗಿದಾಗ ನನಗೆ ಹನ್ನೆರಡು ವರ್ಷ. ಈಗ ಮೇಲಿನ ದಿಣ್ಣೆಯಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ನಾಲ್ಕು ಎಕರೆಯಲ್ಲಿ ಆಲೂಗಡ್ಡೆ, ಶುಂಠಿ, ಮುಸುಕಿನ ಜೋಳ ಬೆಳೆಯುತ್ತೇನೆ. ಅವ್ವನಿಗೆ 83 ವರ್ಷ. ನಿಮ್ಮ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ಬರುತ್ತದಲ್ಲ, ಅದನ್ನು ದಿನಾ ಬೆಳಿಗ್ಗೆ ಅವ್ವನಿಗೆ ಓದಿ ಹೇಳಬೇಕು. ಮಳೆಗಾಲದಲ್ಲಿ ಹೇಮಾವತಿ 2,922 ಅಡಿ ತುಂಬಿತು ಎಂದರೆ, "ಹಂಗಾರೆ ನಮ್ಮ ಬಾವಿ ಕಟ್ಟೆ ಮೇಲೆ ಈಗ ಎಷ್ಟು ಆಳುದ್ದ ಆಯ್ತದೆ?" ಎಂದು ಕೇಳುತ್ತಾಳೆ. ಆ ಬಾವಿ ಇದ್ದ ಜಾಗದ ಮೇಲೆ ಒಮ್ಮೆ ಹೋಗಿ ಬರಬೇಕು ಎನ್ನುವುದು ಅವಳ ಬಹಳ ವರ್ಷದ ಆಸೆ.

ಮೊದಲು ತೆಪ್ಪದಲ್ಲಿ ಕರೆದುಕೊಂಡು ಹೋಗಲು ನೋಡಿದೆ. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚ್ ಇದೆ. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ. ಅದನ್ನು ನೋಡಲು ಬರುವವರು ತೆಪ್ಪದಲ್ಲೇ ಸುತ್ತು ಹಾಕುವುದು. ಆದರೆ ತೆಪ್ಪದಲ್ಲಿ ತಳಕ್ಕೇ ಕಾಲು ಮಡಚಿ ಕೂರಬೇಕು. ಅವ್ವನ ಮಂಡಿ ಮಡಚುವುದಿಲ್ಲ. ಇಬ್ಬರು ಎತ್ತಿ ಕೂರಿಸಿದೆವು. ಐದು ನಿಮಿಷಕ್ಕೆಲ್ಲ ನೋವು ತಡೆಯಲಾರದೆ "ಇಳಿಸ್ರಪ್ಪಾ" ಎಂದಳು. ಆವತ್ತೇ ತೀರ್ಮಾನ ಮಾಡಿದೆ. ಅವ್ವ ಕುರ್ಚಿಯಲ್ಲಿ ಕೂತಂತೆ ಕೂರುವ ದೋಣಿಯೊಂದನ್ನು ಮಾಡಿಸಬೇಕು. ಮೊಮ್ಮಕ್ಕಳೂ ರಜೆಗೆ ಬಂದಾಗ ಸುತ್ತಾಡಿಕೊಂಡು ಬರಲಿ ಎಂದುಕೊಂಡೆ.

ಆ ವರ್ಷ ಶುಂಠಿಗೆ ಒಳ್ಳೆ ರೇಟು ಸಿಕ್ಕಿತ್ತು. ಹೊರಜಿಲ್ಲೆಯ ಒಂದು ಶೆಡ್ಡಿನಲ್ಲಿ ಫೈಬರ್ ದೋಣಿ ಹೇಳಿದ ಹಾಗೆ ಮಾಡಿಕೊಡುತ್ತಾರೆ ಎಂದು ಯಾರೋ ಹೇಳಿದರು. ಹೋದೆ. ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ನಾನೇ ಬರೆದುಕೊಂಡು ಹೋಗಿದ್ದ ಚಿತ್ರ ತೋರಿಸಿದೆ. 18 ಅಡಿ ಉದ್ದ, 5 ಅಡಿ ಅಗಲ. ಎಂಟು ಜನಕ್ಕೆ ಸೋಫಾ ಸೀಟು. ಮೇಲೆ ಜಿಐ ಪೈಪಿನ ಚಾವಣಿ, ಅದರ ಮೇಲೆ ಪ್ಲೈವುಡ್ ಹಲಗೆ, ಹತ್ತಲು ಏಣಿ. ಫ್ಯಾನು, ಲೈಟಿಗೆಂದು ಎರಡು ಇನ್ವರ್ಟರ್ ಬ್ಯಾಟರಿ. ಕಾಫಿ ಕಾಯಿಸಲು ಸಣ್ಣ ಗ್ಯಾಸ್ ಒಲೆ. ಅವರು ಯಾವುದಕ್ಕೂ ಆಗಲ್ಲ ಎನ್ನಲಿಲ್ಲ. "ಬಣ್ಣ ಯಾವುದು ಸಾರ್?" ಎಂದರು. ನೀಲಿ ಎಂದೆ. ಮೂರು ತಿಂಗಳಿಗೆ ಲಾರಿಯಲ್ಲಿ ದೋಣಿ ಬಂತು. ನೋಡಲು ನಿಜಕ್ಕೂ ಚೆಂದ ಇತ್ತು. ಅವ್ವ ಆರತಿ ಎತ್ತಿದಳು.

ಪಂಚಾಯಿತಿಯವರನ್ನು ಕೇಳಿಕೊಂಡು ಮೊದಲು ಊರ ಕೆರೆಗೆ ಇಳಿಸಿದೆವು. ನೀರು ಸೊಂಟದುದ್ದ ಇರುವ ಕಡೆ. ಈ ಒಂದು ಬುದ್ಧಿ ಅದೇನು ಪುಣ್ಯಕ್ಕೆ ಬಂತೋ ಗೊತ್ತಿಲ್ಲ. ಅವ್ವ ದಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ನಾವು ಏಳು ಜನ ಹತ್ತಿದೆವು. ಅದರಲ್ಲಿ ಮೂರು ಹುಡುಗರು ಏಣಿ ಹತ್ತಿ ಚಾವಣಿ ಮೇಲೆ ನಿಂತರು. ದಡದಿಂದ ಯಾರೋ ಫೋಟೊ ತೆಗೆಯುತ್ತೇವೆ ಎಂದು ಕೂಗಿದರು. ಮೂವರೂ ಆ ಕಡೆಗೆ ತಿರುಗಿದರು. ಅಷ್ಟೇ. ದೋಣಿ ಆ ಕಡೆಗೆ ವಾಲಿತು. ವಾಲಿದ್ದು ವಾಪಸ್ ಬರಲಿಲ್ಲ, ಇನ್ನೂ ವಾಲಿತು. ಅಂಚಿನ ಮೇಲಿಂದ ನೀರು ನುಗ್ಗಿತು. ಒಳಗೆ ಬಂದ ನೀರು ಪೂರ್ತಿ ತಗ್ಗಿದ ಕಡೆಗೇ ಓಡಿತು. ಕಟ್ಟದೆ ಇಟ್ಟಿದ್ದ ಬ್ಯಾಟರಿ ಎರಡೂ ಜಾರಿ ಅದೇ ಕಡೆಗೆ ಬಂದು ಬಡಿದವು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಎಲ್ಲರೂ ನೀರಿನಲ್ಲಿದ್ದೆವು. ಸೊಂಟದುದ್ದ ನೀರಾದ್ದರಿಂದ ಎದ್ದು ನಿಂತೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವ್ವ ದಡದಲ್ಲಿ ಎದ್ದು ನಿಂತು ಕೂಗಿದ ದನಿ ಈಗಲೂ ಕಿವಿಯಲ್ಲಿದೆ. ಇದೇ ಹಿನ್ನೀರಿನ ನಡುವೆ ಆಗಿದ್ದರೆ?

ಒಂದು ತಿಂಗಳು ದೋಣಿಯನ್ನು ಕೊಟ್ಟಿಗೆ ಪಕ್ಕ ಮಗುಚಿ ಹಾಕಿದ್ದೆ. ನೋಡಿದರೆ ಸಂಕಟ ಆಗುತ್ತಿತ್ತು. ಗೌರಿ ಹಬ್ಬಕ್ಕೆ ತಂಗಿ ಮನೆಯವರು ಬಂದರು. ತಂಗಿಯ ಮಗ ಡಿಪ್ಲೊಮಾ ಓದಿ ಕರಾವಳಿಯಲ್ಲಿ ದೋಣಿ ಕಟ್ಟುವ ಕಡೆ ಕೆಲಸದಲ್ಲಿದ್ದಾನೆ. ಬಂದವನೇ ಟೇಪು ಹಿಡಿದು ಸುತ್ತ ಅಳೆದ. ಆಮೇಲೆ ನನ್ನ ಪಕ್ಕ ಕೂತು ಹೇಳಿದ. "ಮಾವ, ದೋಣಿ ಕೆಟ್ಟದ್ದಲ್ಲ. ನೀವು ಭಾರವನ್ನೆಲ್ಲ ತಲೆ ಮೇಲೆ ಹೊರಿಸಿದ್ದೀರಿ."

ಅವತ್ತು ಅವನು ಬರೆಸಿದ ಲೆಕ್ಕ ನನ್ನ ಹತ್ತಿರ ಇನ್ನೂ ಇದೆ. ಬಾಡಿ 400 ಕೆಜಿ. ಚಾವಣಿ, ಹಲಗೆ, ಏಣಿ 110. ಸೋಫಾ ಸೀಟುಗಳು 90. ಬ್ಯಾಟರಿ ಒಂದೊಂದು 55, ಎರಡಕ್ಕೆ 110. ಎಂಜಿನ್ 40. ಪೆಟ್ರೋಲು 25 ಲೀಟರಿಗೆ ಸುಮಾರು 19. ಜನ ಹತ್ತುವ ಮೊದಲೇ 770 ಕೆಜಿ ಹತ್ತಿರ. ಎಂಟು ಜನಕ್ಕೆ ತಲಾ 65ರಂತೆ 520. ಎಲ್ಲ ಸೇರಿ 1,290 ಕೆಜಿ ಹತ್ತಿರ. ನಮ್ಮ ಆಲೂಗಡ್ಡೆ ಲೆಕ್ಕದಲ್ಲಿ ಹೇಳುವುದಾದರೆ 50 ಕೆಜಿಯ ಇಪ್ಪತ್ತೈದು ಮೂಟೆಗಿಂತ ಜಾಸ್ತಿ. ಇಷ್ಟಾದರೂ ದೋಣಿ ಮುಳುಗುವುದಿಲ್ಲ. ಈ ಅಳತೆಯ ಚಪ್ಪಟೆ ತಳದ ದೋಣಿಗೆ ಒಬ್ಬ ಮನುಷ್ಯ ಹತ್ತಿದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಕೆಳಗೆ ಇಳಿಯುತ್ತದೆ, ಅಷ್ಟೆ. ತೊಂದರೆ ಇರುವುದು ಆ ಭಾರ ಎಷ್ಟು ಎತ್ತರದಲ್ಲಿ ಕೂತಿದೆ ಎನ್ನುವುದರಲ್ಲಿ. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಬದುವಿನ ಮೇಲೆ ನಡೆದವರಿಗೆ ಇದು ಗೊತ್ತು. ಅದೇ ಹೊರೆಯನ್ನು ಎರಡು ಭಾಗ ಮಾಡಿ ಕೈಯಲ್ಲಿ ಹಿಡಿದರೆ ತೂರಾಡುವುದಿಲ್ಲ. ಚಾವಣಿ ಮೇಲೆ ನಿಂತ ಮೂರು ಹುಡುಗರು ಕೆಳಗೆ ಕೂತ ಒಂಬತ್ತು ಜನಕ್ಕಿಂತ ಅಪಾಯ.

ಚಾವಣಿ ಬಿಚ್ಚಿಸಿದೆವು. ಸೋಫಾ ತೆಗೆದು ಹಗುರ ಹಲಗೆ ಸೀಟು ಹಾಕಿಸಿದೆವು. ಆಮೇಲೆ ಹುಡುಗ ಒಂದು ಪರೀಕ್ಷೆ ಮಾಡಿಸಿದ. ಎಲ್ಲರೂ ಮಾಡಬಹುದಾದ ಪರೀಕ್ಷೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಎಲ್ಲರ ಮನೆಯಲ್ಲೂ ಇರುತ್ತದೆ. ತುಂಬಿದ ಒಂದು ಕ್ಯಾನ್ ಎಂದರೆ 20 ಕೆಜಿ. ಊರಲ್ಲಿ ಓಡಾಡಿ 26 ಕ್ಯಾನ್ ಒಟ್ಟು ಮಾಡಿದೆವು. ಎಂಟು ಜನರ ತೂಕಕ್ಕೆ ಸರಿ. ಮತ್ತೆ ಅದೇ ಕೆರೆ, ಅದೇ ಸೊಂಟದುದ್ದ ನೀರು. ದೋಣಿಗೆ ಎರಡು ಕಡೆ ಸಡಿಲವಾಗಿ ಹಗ್ಗ. ಒಳಗೆ ಯಾರೂ ಕೂರುವ ಹಾಗಿಲ್ಲ. ಕ್ಯಾನುಗಳನ್ನು ತಳದಲ್ಲಿ ಇಡಲು ಹೋದರೆ ಅವನು ಬಿಡಲಿಲ್ಲ. "ಮನುಷ್ಯ ಕೂತಾಗ ಅವನ ಭಾರ ಸೀಟಿಗಿಂತ ಮೇಲಿರುತ್ತೆ ಮಾವ, ಸೀಟಿನ ಮೇಲೇ ಇಡಿ" ಎಂದ. ಎರಡೂ ಕಡೆ ಹದಿಮೂರು ಹದಿಮೂರು ಇಟ್ಟೆವು. ಆಮೇಲೆ ಎರಡೆರಡೇ ಕ್ಯಾನನ್ನು ಬಲಗಡೆಯಿಂದ ಎಡಗಡೆಗೆ ಸರಿಸುತ್ತಾ ಹೋದೆವು. ಪ್ರತಿ ಸಲವೂ ಅವನು ಎಡ ಅಂಚಿನಿಂದ ನೀರಿನವರೆಗೆ ಸ್ಕೇಲು ಹಿಡಿದು ಅಳೆದು ಬರೆದುಕೊಂಡ. ಎಲ್ಲ 26 ಕ್ಯಾನೂ ಒಂದೇ ಕಡೆಗೆ ಬಂದಾಗ ಅಂಚು ನೀರಿನಿಂದ ಎರಡು ಬೆರಳಷ್ಟೇ ಮೇಲಿತ್ತು. ಒಂದು ಸಣ್ಣ ಅಲೆ ಸಾಕು. ಆರು ಕ್ಯಾನ್ ಇಳಿಸಿ, ಆರು ಜನರ ಲೆಕ್ಕಕ್ಕೆ 20 ಮಾತ್ರ ಒಂದೇ ಕಡೆ ಇಟ್ಟಾಗ 15 ಸೆಂಟಿಮೀಟರ್ ಉಳಿಯಿತು.

ಎಂಟು ಸೀಟಿನ ದೋಣಿ ಅಲ್ಲಿಗೆ ಆರು ಸೀಟಿನದಾಯಿತು. ನನಗೇನೂ ಬೇಜಾರಾಗಲಿಲ್ಲ. ಆರು ಜನರ ಭಾರಕ್ಕೆ ನೀರು ಎಲ್ಲಿಯವರೆಗೆ ಬರುತ್ತದೋ ಅಲ್ಲಿಗೆ ದೋಣಿಯ ಸುತ್ತ ಕೆಂಪು ಗೆರೆ ಎಳೆಸಿದೆವು. ಒಳಗಡೆ ದಪ್ಪ ಅಕ್ಷರದಲ್ಲಿ "6 ಜನ" ಎಂದು ಬರೆಸಿದೆವು. ಈಗ ನೆಂಟರು ಬಂದು "ಇನ್ನೊಬ್ರು ಹತ್ಲಿ ಬಿಡಿ" ಎಂದರೆ ನಾನು ವಾದ ಮಾಡಬೇಕಾಗಿಲ್ಲ. ಗೆರೆ ತೋರಿಸುತ್ತೇನೆ.

ಇನ್ನೊಂದು ವಿಷಯ ಶೆಡ್ಡಿನವರು ನನಗೆ ಹೇಳಲೇ ಇಲ್ಲ. ಫೈಬರ್ ತೇಲುವ ವಸ್ತು ಅಲ್ಲ. ದೋಣಿಯ ಆಕಾರ ತೇಲುತ್ತದೆ. ಒಳಗೆ ನೀರು ತುಂಬಿದರೆ ಫೈಬರ್ ಎಂಜಿನ್ ಸಮೇತ ಕೆಳಗೆ ಹೋಗುತ್ತದೆ. ಅದಕ್ಕೆ ಒಳಗೆ ಫೋಮ್ ತುಂಬಿಸಬೇಕು. ಒಂದು ಲೀಟರ್ ಜಾಗದ ಫೋಮ್ ಹತ್ತಿರ ಹತ್ತಿರ ಒಂದು ಕೆಜಿ ಎತ್ತಿ ಹಿಡಿಯುತ್ತದೆ. ನಮ್ಮ ದೋಣಿಯ ಸೀಟಿನ ಕೆಳಗಿನ ಡಬ್ಬಗಳು ಸಾಮಾನು ಇಡಲಿ ಎಂದು ಖಾಲಿ ಇದ್ದವು. ಎರಡೂ ಅಂಚಿನ ಉದ್ದಕ್ಕೂ ಮತ್ತು ಆ ಡಬ್ಬಗಳ ಮೇಲ್ಭಾಗಕ್ಕೂ ಸೇರಿ ಸುಮಾರು 300 ಲೀಟರ್ ಜಾಗಕ್ಕೆ ಪಿಯು (ಪಾಲಿಯುರೆಥೇನ್) ಫೋಮ್ ಹಾಕಿಸಿದೆವು. ತಳದಲ್ಲಿ ತುಂಬಿಸಿದರೆ ಸುಲಭ ಅಲ್ವಾ ಎಂದು ಕೇಳಿದ್ದೆ. ತಳದಲ್ಲಿ ಫೋಮ್ ಇದ್ದು ದೋಣಿಗೆ ನೀರು ತುಂಬಿದರೆ ತಳವೇ ಮೇಲೆ ಬಂದು ಮಗುಚಿಕೊಳ್ಳುತ್ತದಂತೆ. ಅಂಚಿನಲ್ಲಿದ್ದರೆ ನೀರು ತುಂಬಿದರೂ ನೆಟ್ಟಗೆ ನಿಲ್ಲುತ್ತದೆ, ಜನ ಹಿಡಿದುಕೊಂಡಿರಬಹುದು. ಅಗ್ಗ ಎಂದು ಥರ್ಮಾಕೋಲ್ ತುಂಬಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಪೆಟ್ರೋಲು ತಾಗಿದರೆ ಥರ್ಮಾಕೋಲ್ ಕರಗಿಹೋಗುತ್ತದೆ.

ಗ್ಯಾಸ್ ಒಲೆ ತೆಗೆದೆವು. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲ ಸಂದಿಯಿಂದ ಹೊರಗೆ ಹೋದೀತು. ದೋಣಿಗೆ ಬಾಗಿಲಿಲ್ಲ, ಸೋರಿದ್ದು ತಳದಲ್ಲೇ ನಿಲ್ಲುತ್ತದೆ. ಪೆಟ್ರೋಲಿನ ಆವಿಯೂ ಹಾಗೇ. ಈಗ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋಗುತ್ತೇವೆ. ಬ್ಯಾಟರಿ ಎರಡರ ಬದಲು ಹನ್ನೆರಡು ಕೆಜಿಯ ಒಂದು ಲಿಥಿಯಂ ಬ್ಯಾಟರಿ ಸಾಕಾಯಿತು. ನೀರು ಎತ್ತುವ ಸಣ್ಣ ಪಂಪು, ಎರಡು ಎಲ್‌ಇಡಿ ದೀಪ, ಫೋನ್ ಚಾರ್ಜಿಗೆ ಅಷ್ಟೇ ತಾನೆ ಬೇಕಾಗಿರುವುದು? ಅದನ್ನು ಪಟ್ಟಿ ಹಾಕಿ ಬಿಗಿದು, ಪಕ್ಕದಲ್ಲೇ ಫ್ಯೂಸ್ ಹಾಕಿಸಿದ್ದೇವೆ. ಬಿಸಿಲಿಗೆ ಅಲ್ಯೂಮಿನಿಯಂ ಪೈಪಿಗೆ ಕಟ್ಟಿದ ಬಟ್ಟೆ ಇದೆ. ಮಧ್ಯಾಹ್ನದ ಮೇಲೆ ಹಿನ್ನೀರಿನಲ್ಲಿ ಗಾಳಿ ಎದ್ದರೆ ಅದನ್ನೂ ಸುತ್ತಿಡುತ್ತೇವೆ.

ಇಷ್ಟೆಲ್ಲ ಆದಮೇಲೆ ಅವ್ವನ ಸೀಟು. ಅದಕ್ಕೆ ನಾವು ಎರಡು ದಿನ ತೆಗೆದುಕೊಂಡೆವು. ಮನೆಯಲ್ಲಿ ಅವಳು ಕೂರುವ ಕುರ್ಚಿಯ ಎತ್ತರ 17 ಇಂಚು. ಅದಕ್ಕಿಂತ ತಗ್ಗಾದರೆ ಏಳಲು ಆಗುವುದಿಲ್ಲ. ಉಳಿದ ಸೀಟುಗಳು 12 ಇಂಚು ಇದ್ದರೂ ಅವಳದ್ದೊಂದು 17ಕ್ಕೇ ಮಾಡಿಸಿದೆವು. ಒಬ್ಬಳ ಭಾರ ಐದು ಇಂಚು ಮೇಲೆ ಹೋಗುವುದನ್ನು ಲೆಕ್ಕಕ್ಕೆ ಹಿಡಿದೇ ಮಾಡಿದ್ದು. ಅದನ್ನು ದೋಣಿಯ ನಟ್ಟನಡುವೆ ಇಟ್ಟಿದ್ದೇವೆ, ಅಲ್ಲಿ ಕುಲುಕಾಟ ಕಡಿಮೆ. ಎರಡೂ ಪಕ್ಕ ಹಿಡಿದುಕೊಳ್ಳಲು ಸ್ಟೀಲ್ ಪೈಪು. ಸುಮ್ನೆ ಫೈಬರಿಗೆ ಬೋಲ್ಟ್ ಹಾಕಿದರೆ ಕಿತ್ತು ಬರುತ್ತದೆ. ಕೆಳಗಿನಿಂದ ಮರೈನ್ ಪ್ಲೈವುಡ್ ತುಂಡು ಕೊಟ್ಟು ಬಿಗಿಸಿದೆವು. ಕಾಲಿಡುವ ಜಾಗಕ್ಕೆ ಬಣ್ಣ ಹಸಿ ಇದ್ದಾಗಲೇ ಸಣ್ಣ ಮರಳು ಉದುರಿಸಿ ಒಣಗಿಸಿದೆವು. ಒದ್ದೆಯಾದರೂ ಜಾರುವುದಿಲ್ಲ.

ಲೈಫ್ ಜಾಕೆಟ್ ಬಗ್ಗೆಯೂ ಒಂದು ಮಾತು. ಹಾಕಿಕೊಂಡ ಮೇಲೆ ಹೆಗಲ ಹತ್ತಿರ ಹಿಡಿದು ಮೇಲೆ ಎಳೆಯಬೇಕು. ಕಿವಿ ಮುಟ್ಟಿದರೆ ಸೈಜು ದೊಡ್ಡದು, ನೀರಿಗೆ ಬಿದ್ದರೆ ತಲೆಯಿಂದ ಕಳಚಿಕೊಳ್ಳುತ್ತದೆ. ಮಕ್ಕಳಿಗೆ ದೊಡ್ಡವರದ್ದನ್ನು ಬಿಗಿದು ಕಟ್ಟಿದರೆ ಆಗುವುದಿಲ್ಲ, ಅವರ ತೂಕಕ್ಕೆ ತಕ್ಕದ್ದನ್ನೇ ತರಬೇಕು. ಅವ್ವ ಮೊದಲು ಸೆರಗಿನ ಮೇಲೆ ಹಾಕಿಸಿಕೊಳ್ಳಲು ನಾಚಿಕೊಂಡಳು. ಮೊಮ್ಮಗಳು ತಾನೂ ಹಾಕಿಕೊಂಡು ಪಕ್ಕ ನಿಂತ ಮೇಲೆ ಒಪ್ಪಿದಳು.

ಅನುಮತಿ ವಿಷಯಕ್ಕೆ ನಾಲ್ಕು ತಿಂಗಳು ಬೇಕಾಯಿತು. ಯಾರನ್ನು ಕೇಳಬೇಕು ಎಂದು ಹೇಳುವವರೇ ಸಿಗಲಿಲ್ಲ. ಒಂದು ಕಚೇರಿಯವರು ಇನ್ನೊಂದಕ್ಕೆ, ಅವರು ಮತ್ತೊಂದಕ್ಕೆ ಕಳಿಸಿದರು. ಕೊನೆಗೆ ಬರಹದಲ್ಲಿ ಸಿಕ್ಕಿತು. ಅಕ್ಟೋಬರಿನ ಒಂದು ಬೆಳಿಗ್ಗೆ, ಗಾಳಿ ಇಲ್ಲದ ಹೊತ್ತು ನೋಡಿ ಐದು ಜನ ಹೊರಟೆವು. ನೀರಿನೊಳಗೆ ಹಳೇ ಮರದ ಬುಡಗಳಿವೆ, ಅದಕ್ಕೆ ಬಹಳ ನಿಧಾನ. ಅಂದಾಜಿನ ಮೇಲೆ ನಮ್ಮ ಊರಿನ ಜಾಗಕ್ಕೆ ಬಂದು ಎಂಜಿನ್ ನಿಲ್ಲಿಸಿದೆ. ಅವ್ವ ಎರಡೂ ಕಡೆಯ ಗುಡ್ಡ ನೋಡಿದಳು. "ಇನ್ನೊಂಚೂರು ಮುಂದಕ್ಕೆ" ಎಂದಳು. ಹುಟ್ಟು ಹಾಕಿದೆವು. "ಹೂಂ, ಇಲ್ಲೇ ಕಣೋ" ಎಂದಳು. ಪೈಪು ಹಿಡಿದುಕೊಂಡೇ ಬಗ್ಗಿ ಒಂದು ಬೊಗಸೆ ನೀರು ಕಣ್ಣಿಗೆ ಹಚ್ಚಿಕೊಂಡಳು. ಅವಳು ಬಗ್ಗಿದಾಗ ನನ್ನ ಕಣ್ಣು ದೋಣಿಯ ಅಂಚಿನ ಮೇಲಿತ್ತು. ಅದು ಅಲುಗಲಿಲ್ಲ.

ಸಂಪಾದಕರೇ, ಇದು ನನ್ನೊಬ್ಬನ ಮನೆ ವಿಷಯವಾಗಿದ್ದರೆ ಪತ್ರಿಕೆಗೆ ಬರೆಯುತ್ತಿರಲಿಲ್ಲ. ಬೇಲೂರಿನ ಹತ್ತಿರ ಯಗಚಿಯಲ್ಲಿ ದೋಣಿ ವಿಹಾರಕ್ಕೆ ಜನ ಬರುತ್ತಾರೆ. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲೂ ಬರುತ್ತಾರೆ. ಈಗ ನಮ್ಮ ಕಡೆಯ ಹೋಂಸ್ಟೇಯವರೂ ದೋಣಿ ಮಾಡಿಸಲು ಹೊರಟಿದ್ದಾರೆ. ಮಾಡಿಸಲಿ, ಸಂತೋಷ. ಆದರೆ 2009ರಲ್ಲಿ ಕೇರಳದ ತೇಕ್ಕಡಿಯಲ್ಲಿ ಎರಡು ಅಂತಸ್ತಿನ ದೋಣಿ ಮಗುಚಿ 45 ಜನ ಸತ್ತರು. ಪ್ರಾಣಿ ನೋಡಲು ಜನ ಒಂದೇ ಕಡೆಗೆ ಸರಿದರು ಎಂದು ಆಗ ವರದಿಯಾಗಿತ್ತು. 2019ರಲ್ಲಿ ಕಾರವಾರದ ಕೂರ್ಮಗಡ ಜಾತ್ರೆಗೆ ಹೋದ ದೋಣಿ ಮಗುಚಿ 16 ಜನ ಹೋದರು. 2023ರಲ್ಲಿ ಕೇರಳದ ತಾನೂರಿನಲ್ಲಿ 22 ಜನ. ಈ ಸುದ್ದಿಗಳನ್ನು ನಾನೂ ಓದಿದ್ದೆ. ಓದಿಯೂ ಚಾವಣಿಗೆ ಏಣಿ ಹಾಕಿಸಿದೆ. ಏಕೆಂದರೆ ಆ ಸುದ್ದಿಗೂ ನನ್ನ ಪುಸ್ತಕದ ಚಿತ್ರಕ್ಕೂ ಸಂಬಂಧ ಇದೆ ಎಂದು ಹೇಳುವವರು ನನ್ನ ಹತ್ತಿರ ಇರಲಿಲ್ಲ.

ಕಾನೂನು ಇದೆ. 1917ರ ಹಳೇ ಕಾಯ್ದೆ ಹೋಗಿ 2021ರಲ್ಲಿ ಹೊಸ ಒಳನಾಡು ಹಡಗು ಕಾಯ್ದೆ ಬಂದಿದೆ. ಎಂಜಿನ್ ಇರುವ ದೋಣಿಗೆ ಸರ್ವೆ, ನೋಂದಣಿ, ವಿಮೆ ಬೇಕು. ಆದರೆ ದೋಣಿ ನೋಡಿ ಹೇಳಬಲ್ಲವರು ಹೆಚ್ಚಾಗಿ ಕರಾವಳಿಯಲ್ಲಿದ್ದಾರೆ. ನಾವಿರುವುದು ಘಟ್ಟದ ಮೇಲೆ. ತಾಲ್ಲೂಕಿಗೆ ಆರ್‌ಟಿಒ ಕ್ಯಾಂಪ್ ಬರುವ ಹಾಗೆ ವರ್ಷಕ್ಕೆ ಎರಡು ಸಲ, ದಸರಾಕ್ಕೆ ಮುಂಚೆ ಒಮ್ಮೆ, ಬೇಸಿಗೆ ರಜೆಗೆ ಮುಂಚೆ ಒಮ್ಮೆ, ಹಾಸನದಲ್ಲೋ ಗೊರೂರಿನಲ್ಲೋ ದೋಣಿ ಕ್ಯಾಂಪ್ ಮಾಡಬೇಕು ಎಂದು ಜಿಲ್ಲಾಡಳಿತವನ್ನು ಕೇಳಿಕೊಳ್ಳುತ್ತೇನೆ. ವಾಲಿಸುವ ಪರೀಕ್ಷೆ ಮಾಡಿ, ಎಲ್ಲ ದೋಣಿಗೂ ಗೆರೆ ಎಳೆದು, ಜನರ ಸಂಖ್ಯೆ ಬರೆದು ಕಳಿಸಲಿ. ಹಾಸನದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಪಾಲಿಟೆಕ್ನಿಕ್ ಇದೆ. ಮೆಕ್ಯಾನಿಕಲ್ ಓದುವ ಮಕ್ಕಳು ಬಂದು ಕೈಜೋಡಿಸಿದರೆ ಅವರಿಗೂ ಕಲಿಕೆ. ಅನುಮತಿಗೆ ಎಲ್ಲಿ ಹೋಗಬೇಕು ಎನ್ನುವುದನ್ನು ಒಂದು ಬೋರ್ಡಿನಲ್ಲಿ ಬರೆದು ಹಾಕಲಿ.

ದೋಣಿ ಕಟ್ಟುವ ಶೆಡ್ಡಿನವರಿಗೂ ಒಂದು ಕೋರಿಕೆ. ನಮ್ಮಂಥವರು ದುಡ್ಡು ಹಿಡಿದುಕೊಂಡು ಬಂದು ಏನೇನೋ ಕೇಳುತ್ತೇವೆ. ಆಗದ್ದಕ್ಕೆ ಆಗಲ್ಲ ಎಂದು ಹೇಳಿ. ಬಿಲ್ಲಿನ ಮೇಲೆ ಖಾಲಿ ದೋಣಿಯ ತೂಕ, ಎಷ್ಟು ಜನ, ಫೋಮ್ ಎಷ್ಟು, ಎಲ್ಲಿ ಎಂದು ಬರೆದುಕೊಡಿ.

ನಮ್ಮ ಮನೆಗೆ ಬಂದಿದ್ದ ಮೂವರಿಗೂ ಇದೆಲ್ಲ ಹೇಳಿದ್ದೇನೆ. ಹೋಂಸ್ಟೇಯವರು ಚಾವಣಿ ಬಿಟ್ಟಿದ್ದಾರೆ ಎಂದು ಕೇಳಿದೆ. ಇನ್ನು ಯಾರಾದರೂ ದೋಣಿ ಮಾಡಿಸಿದರೆ ಹಿನ್ನೀರಿಗೆ ಇಳಿಸುವ ಮೊದಲು ನಮ್ಮ ಊರ ಕೆರೆಗೆ ತನ್ನಿ. ಟೇಪು, ಸ್ಕೇಲು, ಹಗ್ಗ, 26 ಕ್ಯಾನು ನಮ್ಮ ಕೊಟ್ಟಿಗೆಯಲ್ಲೇ ಇವೆ. ಮೊದಲೇ ತಿಳಿಸಿದರೆ ನೀರು ತುಂಬಿಸಿ ಇಟ್ಟಿರುತ್ತೇನೆ.

ಇಂತಿ,
ಹೇಮಾವತಿ ಹಿನ್ನೀರಿನ ಪಕ್ಕದ ಒಬ್ಬ ರೈತ,
ಹಾಸನ ತಾಲ್ಲೂಕು